ಸತ್ತ ನರಸಮ್ಮನ ಹೆಬ್ಬೆಟ್ಟು

ಹೊಸಹಳ್ಳಿಯ ಹೊಲಗೇರಿಯಿಂದ ಪೇಟೆಯ ಕೋರ್ಟಿಗೆ ನಡೆದರೆ ಒಂದೂವರೆ ಗಂಟೆ. ಮುನಿತಾಯಮ್ಮ ಈ ದಾರಿಯನ್ನು ಒಂಬತ್ತು ಸಲ ತುಳಿದಾಗಿತ್ತು. ಇವತ್ತು ಹತ್ತನೆಯದು. ಹೋದಾಗಲೆಲ್ಲ ಒಂದೇ ಮಾತು: ಮುಂದಿನ ತಿಂಗಳು ಬಾ. ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಮಾಗಡಿ ರಸ್ತೆಯ ಟೋಲ್‌ಗೇಟು ದಾಟುವ ಹೊತ್ತಿಗೆ ಅವಳಿಗೆ ಕೇಸೂ ಬೇಡ, ನ್ಯಾಯವೂ ಬೇಡ, ಯಾವುದಾದರೂ ಮರದ ಬುಡದಲ್ಲಿ ಸೆರಗು ಹಾಸಿ ಬಿದ್ದುಕೊಂಡರೆ ಸಾಕು ಅನ್ನಿಸಿತು.

"ನಡಿಯಕ್ಕ. ಕೂತ್ರೆ ಏಳಕ್ಕಾಗಲ್ಲ," ಅಂದಳು ಅಂಜನಮ್ಮ. ಇಟ್ಟಿಗೆ ಗೂಡಿನಲ್ಲಿ ಇವಳ ಜೊತೆ ಮಣ್ಣು ತುಳಿಯುವವಳು. ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು. ಅವಳ ಕಂಕುಳಲ್ಲಿ ನೀರು ತುಂಬಿದ ಚೊಂಬಿತ್ತು.

ನೀರು ಹೊತ್ತುಕೊಂಡೇ ಹೋಗಬೇಕಿತ್ತು. ಕೋರ್ಟಿನ ಬಾಗಿಲ ಪಕ್ಕ ಒಂದು ಮಣ್ಣಿನ ಹೂಜಿ ಇತ್ತು, ಅದರ ಮೇಲೆ ಲೋಟವೂ ಇತ್ತು. ಮೊದಲ ಸಲ ಹೋದಾಗ ಮುನಿತಾಯಮ್ಮ ಅದಕ್ಕೆ ಕೈ ಚಾಚಿದ್ದಳು. "ಯಾವ ಕೇರಿಯಮ್ಮ ನಿಂದು?" ಅಂದಿದ್ದ ಜವಾನ. ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡಿದ್ದಳು. ಹಾಗೆಲ್ಲ ಕೇಳುವುದು ತಪ್ಪು ಅಂತ ಹೋದ ವರ್ಷವೇ, ಐವತ್ತೈದರಲ್ಲಿ, ಕಾನೂನು ಬಂದಿದೆ ಅಂತ ಆಮೇಲೆ ಅವಳ ಲಾಯರು ಹೇಳಿದರು. ಹೂಜಿಯ ತನಕ ಆ ಕಾನೂನು ಇನ್ನೂ ಬಂದಿರಲಿಲ್ಲ.

ಅವಳ ಮೇಲಿದ್ದ ಕೇಸನ್ನು ಕೇಳಿದರೆ ನಗು ಬರಬೇಕು. ಸತ್ತ ಹೆಂಗಸಿನ ಹೆಸರಲ್ಲಿ ಹೆಬ್ಬೆಟ್ಟು ಒತ್ತಿ ಸುಳ್ಳು ಪತ್ರ ಮಾಡಿದಳು, ಸರ್ಕಾರಕ್ಕೆ ಮೋಸ ಮಾಡಿದಳು ಅಂತ. ಸತ್ತವಳು ನರಸಮ್ಮ, ಮುನಿತಾಯಮ್ಮನ ಗಂಡ ಹನುಮಯ್ಯನ ಮೊದಲ ಹೆಂಡತಿ. ದೂರು ಕೊಟ್ಟವನು ಹನುಮಯ್ಯನ ಒಡಹುಟ್ಟಿದ ತಮ್ಮ ಚಿಕ್ಕಹನುಮಯ್ಯ. ಸಾಬೀತಾದರೆ ಜೈಲು. ಜೈಲಿನ ಜೊತೆಗೆ ಸರ್ಕಾರ ಕೊಟ್ಟ ಸೈಟೂ ಹೋಗುತ್ತದೆ. ಈಗ ನಗುವುದಾದರೆ ನಗಿ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು ಹೇಳದೆ ಇದು ಅರ್ಥವಾಗುವುದಿಲ್ಲ.

ಮುನಿತಾಯಮ್ಮ ಹೆಗ್ಗನಹಳ್ಳಿಯವಳು. ಹದಿನೈದಕ್ಕೆ ಮದುವೆ, ಹದಿನಾರಕ್ಕೆ ಮುಂಡೆ. ಹನುಮಯ್ಯನ ಹೆಂಡತಿ ನರಸಮ್ಮ ಹೆರಿಗೆಯಲ್ಲಿ ಸತ್ತು ಆಗ ಮೂರು ತಿಂಗಳಾಗಿತ್ತು. ಕೂಸೂ ಉಳಿದಿರಲಿಲ್ಲ. ಮನೆಯಲ್ಲಿ ಬೇಯಿಸಿ ಹಾಕುವ ಕೈ ಬೇಕಿತ್ತು. ಹಿರಿಯರು ಕೂತು ಮಾತಾಡಿ ಕೂಡಾವಳಿ ಮಾಡಿದರು. ವಿಧವೆಗೆ ಧಾರೆ ಎರೆಯುವುದಿಲ್ಲ, ವಾಲಗ ಊದಿಸುವುದಿಲ್ಲ. ಸಂಜೆ ಮಬ್ಬಿನಲ್ಲಿ ಒಂದು ಸೀರೆ ಉಡಿಸಿ, ಐದು ಜನಕ್ಕೆ ಎಲೆ ಅಡಿಕೆ ಕೊಟ್ಟು, ಹಿತ್ತಲ ಬಾಗಿಲಿಂದ ಒಳಗೆ ಕರೆದುಕೊಳ್ಳುತ್ತಾರೆ. ಇವಳನ್ನೂ ಹಾಗೇ ಕರೆದುಕೊಂಡರು.

ಒಳಗೆ ಅತ್ತೆ ಅಕ್ಕಯ್ಯಮ್ಮ ಕಾಯುತ್ತಾ ನಿಂತಿದ್ದಳು. ಕೈಯಲ್ಲಿ ತಾಮ್ರದ ಒಂದು ಬಿಲ್ಲೆ. ಅದರ ಮೇಲೆ ಹೆಣ್ಣಿನ ಗೊಂಬೆ ಕೆತ್ತಿತ್ತು. ಸವತಿ ಬಿಲ್ಲೆ. ಸತ್ತ ಹೆಂಡತಿ ಬಂದು ಹೊಸಬಳನ್ನು ಕಾಡಬಾರದು ಅಂತ ಕಟ್ಟುವುದು. ಅದನ್ನು ಇವಳ ಕೊರಳಿಗೆ ಕಟ್ಟಿ ಅಕ್ಕಯ್ಯಮ್ಮ ಅಂದಳು: "ಇವತ್ನಿಂದ ನೀನೇ ನರಸಮ್ಮ. ಮುನಿತಾಯಿ ಅನ್ನೋಳು ಈ ಮನೇಗೆ ಬಂದೇ ಇಲ್ಲ. ಸತ್ತೋಳಿಗೆ ಬೇರೆ ಎಣ್ಣು ಬಂದವ್ಳೆ ಅಂತ ಗೊತ್ತಾಗ್‌ಕೂಡ್ದು. ತಿಳೀತಾ?"

ತಿಳಿಯಿತು. ಹದಿನಾರರ ಹುಡುಗಿ, ತಿಳಿಯದೆ ಏನು ಮಾಡುತ್ತಾಳೆ? ಮೊದಮೊದಲು ಯಾರಾದರೂ ನರಸಮ್ಮ ಅಂತ ಕೂಗಿದರೆ ಹಿಂದೆ ತಿರುಗಿ ಯಾರಿದ್ದಾರೆ ಅಂತ ನೋಡುತ್ತಿದ್ದಳು. ಬೆನ್ನಿಗೆ ಎರಡು ಬಿದ್ದ ಮೇಲೆ ಸರಿಹೋಯಿತು. ನರಸಮ್ಮಾ ಅಂದರೆ ಓಡಬೇಕು. ನರಸಮ್ಮಾ ನೀರು, ನರಸಮ್ಮಾ ಸಗಣಿ, ನರಸಮ್ಮಾ ಕಾಲು ಒತ್ತು. ಆಗ ಚಿಕ್ಕಹನುಮಯ್ಯನಿಗೆ ಎಂಟು ವರ್ಷ. ಅವನ ಸಿಂಬಳ ಒರೆಸಿ, ಹೇನು ಕುಕ್ಕಿ, ಕಜ್ಜಿಗೆ ಬೇವಿನ ಸೊಪ್ಪು ಅರೆದು ಹಚ್ಚಿದವಳು ಇದೇ ನರಸಮ್ಮ. ಯುದ್ಧದ ಕಾಲದಲ್ಲಿ ರೇಷನ್ ಚೀಟಿ ಬಂದಾಗ ಹನುಮಯ್ಯನ ಹೆಂಡತಿ ನರಸಮ್ಮ ಅಂತಲೇ ಬರೆಸಿದರು. ಓಟಿನ ಪಟ್ಟಿಯಲ್ಲೂ ಅದೇ. ಹೆತ್ತ ಎರಡೂ ಕೂಸು ಉಳಿಯಲಿಲ್ಲ. ಸತ್ತವಳು ಬಿಡಲಿಲ್ಲ ಅಂದರು. ಹಾಗಾದರೆ ಬಿಲ್ಲೆ ಯಾತಕ್ಕೆ ಕಟ್ಟಿದಿರಿ ಅಂತ ಕೇಳುವ ಬಾಯಿ ಅವಳಿಗೆ ಆಗ ಇರಲಿಲ್ಲ.

ಎರಡು ವರ್ಷದ ಹಿಂದೆ ಹನುಮಯ್ಯ ಎದೆ ಕಾಯಿಲೆಯಿಂದ ಸತ್ತ. ಬಟ್ಟೆ ಗಿರಣಿಯಲ್ಲಿ ಹತ್ತಿ ಧೂಳು ಕುಡಿದ ಎದೆ. ಅವನ ಪಾಲಿನ ಜಮೀನು ಹತ್ತು ಗುಂಟೆ ಉಳಿದಿತ್ತು. ಹಿರೀಕರು ಊರಿಗೆ ತೋಟಿ ಚಾಕರಿ ಮಾಡಿ, ಹೆಣ ಹೂತು, ತಮಟೆ ಹೊಡೆದು ಪಡೆದ ಇನಾಮು. ಅದನ್ನೂ ಹೊಸ ಬಡಾವಣೆಗೆ ಅಂತ ಸರ್ಕಾರ ತೆಗೆದುಕೊಂಡಿತು. ಬದಲಿಗೆ ಪ್ರತಿ ಪಾಲಿಗೂ ಒಂದೊಂದು ಸೈಟು. ಚಿಕ್ಕಹನುಮಯ್ಯ ತನ್ನ ಸೈಟನ್ನು ಕಂಟ್ರಾಕ್ಟರ್ ಮುನಿರಾಜುವಿಗೆ ಮಾರಿ ಆರು ತಿಂಗಳಲ್ಲಿ ಕುಡಿದು ಮುಗಿಸಿದ. ಇವಳು ತನ್ನದಕ್ಕೆ ಅರ್ಜಿ ಹಾಕಿದಳು. ಬಡಾವಣೆ ಆಫೀಸಿನ ಗುಮಾಸ್ತ ಕೇಳಿದ್ದು ಒಂದೇ: "ರೇಷನ್ ಚೀಟೀಲಿ ಏನಿದೆ?" ಅದರಲ್ಲಿದ್ದ ಹೆಸರನ್ನೇ ಬರೆದುಕೊಂಡ. ಇವಳು ಹೆಬ್ಬೆಟ್ಟು ಒತ್ತಿದಳು. ಅಷ್ಟೇ ಅವಳು ಮಾಡಿದ ಫೋರ್ಜರಿ.

ಪಕ್ಕದ ಸೈಟೂ ಬೇಕು ಅಂತ ಮುನಿರಾಜು ಹೊಂಚು ಹಾಕಿದ್ದ. ಚಿಕ್ಕಹನುಮಯ್ಯನ ಕೈಯಲ್ಲಿ ದೂರು ಕೊಡಿಸಿದವನೂ ಅವನೇ. ನರಸಮ್ಮ ಸತ್ತು ಇಪ್ಪತ್ತೆರಡು ವರ್ಷ, ಮಸಣದಲ್ಲಿ ಗುರುತಿನ ಕಲ್ಲೂ ಇದೆ. ಈ ಹೆಂಗಸು ನಮ್ಮಣ್ಣ ಇಟ್ಟುಕೊಂಡಿದ್ದವಳು, ಹೆಸರು ಮುನಿತಾಯಮ್ಮ. ದೂರು ಇಷ್ಟು. ಒಂದು ಬೆಳಿಗ್ಗೆ ಪೊಲೀಸಿನವನು ಗುಡಿಸಲ ಮುಂದೆ ನಿಂತು ಲಾಠಿಯಿಂದ ತಟ್ಟಿ ಕೂಗಿದ. "ಯಾರಮ್ಮ ಇಲ್ಲಿ ಮುನಿತಾಯಮ್ಮ?" ಆ ಮನೆಗೆ ಬಂದ ಮೇಲೆ ಮೊದಲ ಸಲ ಯಾರೋ ಅವಳ ಸ್ವಂತ ಹೆಸರು ಹಿಡಿದು ಕರೆದಿದ್ದರು. ಒಂದು ಗಳಿಗೆ ಅವಳಿಗೆ ಖುಷಿಯೇ ಆಯಿತಂತೆ. ಅದನ್ನು ಆಮೇಲೆ ಅಂಜನಮ್ಮನಿಗೆ ಹೇಳಿ ಅತ್ತಳು.

ಜಾಮೀನು ಕೊಡಿಸಿದ ಲಾಯರು ಚನ್ನಕೇಶವ ಒಳ್ಳೆಯ ಮನುಷ್ಯ. ಫೀಸು ಬೇಡ ಅಂದಿದ್ದರು. ಆದರೆ ಅವರ ಮನೆಯಲ್ಲಿ ಇವಳು ಕೂರುತ್ತಿದ್ದುದು ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಅವರು ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದರು. ಒಳ್ಳೆಯವರಿಗೂ ಯಾರನ್ನು ಎಲ್ಲಿ ಕೂರಿಸಬೇಕು ಅನ್ನುವುದು ಮರೆಯುವುದಿಲ್ಲ.

"ನೋಡಮ್ಮ, ಸುಲಭ ಇದೆ," ಅಂದಿದ್ದರು ಅವರು. "ನಿನ್ನನ್ನ ಎಲ್ಲರೂ ನರಸಮ್ಮ ಅಂತಾನೇ ಕರೀತಿದ್ರು ಅಂತ ತೋರಿಸಿದ್ರೆ ಸಾಕು. ನಿನ್ನ ಹೆಸರಿಗೆ ನಿನ್ನ ಹೆಬ್ಬೆಟ್ಟು. ಅದು ಮೋಸ ಹೆಂಗಾಗುತ್ತೆ? ಚಾರ್ಜೇ ನಿಲ್ಲೋದಿಲ್ಲ."

"ನನ್ ಎಸ್ರು ಅದಲ್ವಲ್ಲ ಸ್ವಾಮಿ."

"ಅಯ್ಯೋ, ಅದನ್ನ ಕೋರ್ಟಲ್ಲಿ ಬಾಯಿ ಬಿಡಬೇಡ ಮಾರಾಯ್ತಿ! ಯಾರು ಕೇಳಿದ್ರೂ ನಾನೇ ನರಸಮ್ಮ ಅನ್ನು."

ಅವಳು ಒಗೆಯುವ ಕಲ್ಲಿನ ಮೇಲಿದ್ದ ಸೋಪಿನ ಚೂರನ್ನೇ ನೋಡುತ್ತಾ ಕೂತಳು.

ಹೋದ ವಾರ ಮುನಿರಾಜು ಇಟ್ಟಿಗೆ ಗೂಡಿಗೇ ಬಂದಿದ್ದ. ಅವನ ಹಿಂದೆ ಚಿಕ್ಕಹನುಮಯ್ಯ. ಮುನಿತಾಯಮ್ಮ ಮೊಣಕಾಲುದ್ದ ಮಣ್ಣಿನಲ್ಲಿ ನಿಂತು ತುಳಿಯುತ್ತಿದ್ದಳು. ಬೆಳಗಿನಿಂದ ತುಳಿದು ಸೊಂಟ ಬಿಟ್ಟುಹೋಗಿತ್ತು. ಆ ಗೂಡಿನ ಇಟ್ಟಿಗೆ ಹೋಗುತ್ತಿದ್ದುದು ಹೊಸ ಬಡಾವಣೆಗೇ. ಅಲ್ಲಿ ಅವಳ ಹತ್ತು ಗುಂಟೆಯ ಮೇಲೆ ಯಾರದೋ ಮಹಡಿ ಮನೆ ಏಳುತ್ತಿತ್ತು.

"ಎಷ್ಟು ದಿನ ಅಂತ ಓಡಾಡ್ತೀಯಮ್ಮ?" ಅಂದ ಮುನಿರಾಜು. ಕೈಯಲ್ಲಿ ಬರೆದು ತಂದ ಕಾಗದ, ಮಸಿ ಡಬ್ಬಿ. "ಇದಕ್ಕೊಂದು ಹೆಬ್ಬೆಟ್ಟು ಹಾಕು, ಕೇಸು ವಾಪಸ್ಸು ತಗೋತಾನೆ. ಗುಡಿಸಲಲ್ಲಿ ಸಾಯೋ ತಂಕ ಇದ್ಕೋ. ಯಾರೂ ಏಳ್ಸಲ್ಲ."

"ಏನ್ ಬರ್ದೀರಾ ಅದ್ರಾಗೆ?"

ಮುನಿರಾಜು ಚಿಕ್ಕಹನುಮಯ್ಯನ ಕಡೆ ನೋಡಿದ. ಚಿಕ್ಕಹನುಮಯ್ಯ ನೆಲ ನೋಡುತ್ತಾ ಹೇಳಿದ: "ನೀನು ನಮ್ಮಣ್ಣ ಮಡೀಕಂಡಿದ್ದೋಳು, ಎಂಡ್ತಿ ಅಲ್ಲ ಅಂತ. ಬರೀ ಕಾಗದ ಕಣತ್ಗೆ. ಏನಾಗ್ತದೆ ಈಗ?"

ಹೆಂಡತಿ ಅಲ್ಲ ಅನ್ನುವಾಗಲೂ ಅವನ ಬಾಯಲ್ಲಿ ಬಂದದ್ದು ಅತ್ತಿಗೆ. ಮುನಿತಾಯಮ್ಮನಿಗೆ ಕಾಲಿನಿಂದ ತಲೆಯ ತನಕ ಬೆಂಕಿ ಹತ್ತಿತು.

"ನಿನ್ ಕುಂಡಿ ತೊಳ್ದಾಗ ನಾನು ಏನಾಗಿದ್ನೋ ಚಿಕ್ಕ? ನಿಮ್ಮಣ್ಣ ರಕ್ತ ಕಾರ್ತಿದ್ದಾಗ ಬೊಗಸೇಲಿ ಇಡ್ದೆನಲ್ಲ, ಅವಾಗ ಏನಾಗಿದ್ದೆ? ಮಡೀಕಂಡಿದ್ದೋರು ಮಾಡೋ ಕೆಲ್ಸವೇನೋ ಅದು?"

"ಕೂಗಾಡಬೇಡ," ಅಂದ ಮುನಿರಾಜು. "ಕೈ ಕೊಡು."

ಅವಳು ಬಗ್ಗಿ ಎರಡೂ ಕೈಗಳನ್ನು ಮೊಣಕೈ ತನಕ ಕೆಸರಿಗೆ ತುರುಕಿದಳು. "ಕೈಗೆ ಬಿಡುವಿಲ್ಲ. ಓಗ್ರಿ," ಅಂದಳು. ಬೇಕಾದರೆ ಇಳಿದು ಬಂದು ಕೀಳಲಿ ಅಂತ ಹಾಗೇ ಬಗ್ಗಿ ನಿಂತಳು. ಮುನಿರಾಜುವಿನ ಕಾಲಲ್ಲಿ ಹೊಳೆಯುವ ಬೂಟಿತ್ತು. ಅವನು ಇಳಿಯಲಿಲ್ಲ. ಅವರು ಹೋಗಿ ಎಷ್ಟೋ ಹೊತ್ತಾದರೂ ಅವಳಿಗೆ ಸೊಂಟ ಎತ್ತಲಾಗಲಿಲ್ಲ, ಕೊನೆಗೆ ಅಂಜನಮ್ಮ ಬಂದು ಹಿಡಿದು ಎತ್ತಿದಳು.

ಇವತ್ತು ಸಾಕ್ಷಿಗಳ ವಿಚಾರಣೆ. ಸಾಕ್ಷಿ ಕೇಳಿ ಚಾರ್ಜು ಹಾಕಬೇಕೋ ಬಿಡಬೇಕೋ ಅಂತ ಮ್ಯಾಜಿಸ್ಟ್ರೇಟರು ಇವತ್ತೇ ಹೇಳುತ್ತಾರೆ ಅಂತ ಲಾಯರು ಹೇಳಿದ್ದರು.

"ಮುನಿತಾಯಮ್ಮ ಉರುಫ್ ನರಸಮ್ಮಾ!" ಜವಾನ ಕೂಗಿದ. ಅವಳು ಹೋಗಿ ಕಟಕಟೆಯಲ್ಲಿ ನಿಂತಳು. ಕೂರುವಂತಿಲ್ಲ. ಮರದ ಅಡ್ಡಪಟ್ಟಿಯನ್ನು ಹಿಡಿದುಕೊಂಡಳು. ಒಡೆದ ಹಿಮ್ಮಡಿ ನೆಲಕ್ಕೆ ತಾಗದ ಹಾಗೆ ತುದಿಗಾಲಲ್ಲಿ ನಿಂತಳು.

ಮೊದಲು ಚಿಕ್ಕಹನುಮಯ್ಯ ಹೇಳಿದ. ಬಾಯಿಪಾಠ ಮಾಡಿಸಿದ್ದು ಗೊತ್ತಾಗುತ್ತಿತ್ತು. ಚನ್ನಕೇಶವ ರೇಷನ್ ಚೀಟಿ ತೋರಿಸಿದರು, ಓಟಿನ ಪಟ್ಟಿ ತೋರಿಸಿದರು. ಎದುರು ವಕೀಲರು ನಕ್ಕರು. ಸತ್ತವಳ ಹೆಸರನ್ನು ಯಾರೂ ತೆಗೆಸಿಲ್ಲ, ಅದನ್ನೇ ಈ ಹೆಂಗಸು ಬಳಸಿಕೊಂಡಳು, ಮೋಸ ಇವತ್ತಿನದಲ್ಲ ಅಂದರು. ಕೋರ್ಟಿನಲ್ಲಿದ್ದವರು ಕೂಡ ನಕ್ಕರು.

"ಕೊರಳಲ್ಲಿರೋ ಬಿಲ್ಲೆ ತೋರಿಸಮ್ಮ," ಅಂದರು ಚನ್ನಕೇಶವ.

ಅದು ರವಿಕೆಯ ಒಳಗಿತ್ತು. ಅಷ್ಟು ಗಂಡಸರ ಎದುರು ಸೆರಗು ಸರಿಸಿ ಎದೆಗೆ ಕೈ ಹಾಕಿ ಅದನ್ನು ಹೊರಗೆ ಎಳೆಯಬೇಕಾಯಿತು. ಯಾರೋ ಕೆಮ್ಮಿದರು. ತಾಮ್ರ ತಾಗಿ ತಾಗಿ ಚರ್ಮದ ಮೇಲೆ ಹಸಿರು ಕಲೆ ಕೂತಿತ್ತು. ಗುಮಾಸ್ತ ಬಿಲ್ಲೆಯನ್ನು ಕಾಗದದ ಮೇಲೆ ಹಾಕಿಸಿಕೊಂಡು, ಕಾಗದದ ಸಮೇತ ಎತ್ತಿ ಮೇಜಿನ ಮೇಲಿಟ್ಟ. ಇಂಥ ಬಿಲ್ಲೆ ಸಂತೆಯಲ್ಲಿ ಬೇಕಾದಷ್ಟು ಸಿಗುತ್ತವೆ ಅಂದರು ಎದುರು ವಕೀಲರು.

ಆಮೇಲೆ ಅಕ್ಕಯ್ಯಮ್ಮನನ್ನು ಕರೆದರು.

ಮುದುಕಿಗೆ ಎಪ್ಪತ್ತು ದಾಟಿತ್ತು. ಹನುಮಯ್ಯ ಸತ್ತ ಮೇಲೆ ಚಿಕ್ಕ ಮಗನ ಹತ್ತಿರ ಇದ್ದಳು, ಅವನು ಹಾಕಿದ್ದು ಉಣ್ಣುತ್ತಿದ್ದಳು. ಬೆಳಗಿನಿಂದ ಹೊರಗೆ ಬಿಸಿಲಲ್ಲಿ ಕೂರಿಸಿದ್ದರು. ಒಳಗೆ ಏನು ಮಾತಾಯಿತೋ ಒಂದೂ ಕೇಳಿರಲಿಲ್ಲ. ಸಾಕ್ಷಿಯ ಜಾಗ ಹತ್ತಲು ಅವಳಿಗೆ ಎರಡು ಸಲ ಪ್ರಯತ್ನ ಬೇಕಾಯಿತು.

"ನಿನ್ನ ದೊಡ್ಡ ಮಗನ ಹೆಂಡ್ತಿ ನರಸಮ್ಮ ಸತ್ತಳೇನಮ್ಮ?" ಎದುರು ವಕೀಲರು ಕೇಳಿದರು.

"ಸತ್ಳು ಸ್ವಾಮಿ. ಎರ್ಗೇಲಿ."

"ಇಲ್ಲಿ ನಿಂತಿರೋದು ಆ ನರಸಮ್ಮನಾ?"

"ಅಲ್ಲ. ಸತ್ತೋಳು ಎಂಗೆ ನಿಂತ್ಕತಾಳೆ?"

ಮುಗಿಯಿತು. ವಕೀಲರು ಕೂತರು. ಮುದುಕಿ ಸುಳ್ಳು ಹೇಳಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು. ಮುನಿತಾಯಮ್ಮನಿಗೆ ಕೋಪ ಕೂಡ ಬರಲಿಲ್ಲ. ಇವತ್ತಾದರೂ ಮುಗಿದರೆ ಸಾಕು, ಜೈಲಾದರೆ ಜೈಲು, ಅಲ್ಲಿ ಕೂರುವುದಕ್ಕಾದರೂ ಬಿಡುತ್ತಾರಲ್ಲ ಅಂದುಕೊಂಡಳು.

ಚನ್ನಕೇಶವ ಎದ್ದರು. "ಅಜ್ಜಿ, ಈ ಹೆಂಗಸನ್ನ ಕೂಡಾವಳಿ ಮಾಡಿ ಮನೆಗೆ ತಂದ್ಕೊಂಡ್ರಲ್ಲ, ಅವತ್ತು ಇವಳಿಗೆ ಏನಂತ ಹೆಸರಿಟ್ರಿ?"

ಮುದುಕಿ ಮಗನ ಕಡೆ ನೋಡಿದಳು. ಅವನು ದುರುಗುಟ್ಟಿ ನೋಡಿದ. ಅವಳು ಸುಮ್ಮನಾದಳು. ಲಾಯರು ಮತ್ತೆ ಕೇಳಿದರು. ಸುಮ್ಮನೆ ನಿಂತಳು. ಮೂರನೆಯ ಸಲ ಕೇಳಿದಾಗ ತುಟಿ ಸವರಿಕೊಂಡಳು. ಗಂಟಲು ಒಣಗಿ ಮಾತೇ ಏಳುತ್ತಿರಲಿಲ್ಲ. ಬಾಗಿಲ ಪಕ್ಕದ ಹೂಜಿಯನ್ನು ನೋಡಿದಳು. ಹೂಜಿಯ ಪಕ್ಕ ನಿಂತಿದ್ದ ಜವಾನ ಬೇರೆ ಕಡೆ ಮುಖ ತಿರುಗಿಸಿದ. ಅದನ್ನು ಕೇಳಬಾರದು ಅಂತ ಎಪ್ಪತ್ತು ವರ್ಷದಲ್ಲಿ ಕಲಿತ ಮುದುಕಿ ಕೇಳಲಿಲ್ಲ. ಯಾವಾಗಲೂ ನೀರು ಕೊಟ್ಟವಳು ಯಾರೋ ಅವಳ ಕಡೆ ತಿರುಗಿದಳು. ಕಟಕಟೆಯ ಕಡೆ.

"ನರಸಮ್ಮಾ, ವಸಿ ನೀರು ಕೊಡೇ."

ಮುನಿತಾಯಮ್ಮನ ಕಾಲು ತಾನಾಗಿ ಎದ್ದಿತು. ಅಡ್ಡಪಟ್ಟಿ ಹೊಟ್ಟೆಗೆ ತಾಗಿತು. ಅಲ್ಲಿ ನಿಂತಳು. ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಹೋಗಲಿಲ್ಲ. ಆ ಕೂಗಿಗೆ ಓಡದೆ ನಿಂತದ್ದು ಅವಳಿಗೆ ಅದೇ ಮೊದಲು.

ಬರೆಯುತ್ತಿದ್ದ ಮ್ಯಾಜಿಸ್ಟ್ರೇಟರು ತಲೆ ಎತ್ತಿದರು. "ಯಾರನ್ನ ಕರೆದೆಯಮ್ಮ?"

"ಇವಳ್ನೇ ಬುದ್ಧಿ. ನನ್ ಸೊಸೆಯ."

"ನರಸಮ್ಮ ಸತ್ತಳು ಅಂದೆಯಲ್ಲ?"

"ಅವಳು ಸತ್ಳು. ಇವಳೂ ನರಸಮ್ಮನೇ. ನಾನೇ ಎಸ್ರಿಕ್ಕಿ ಬಿಲ್ಲೆ ಕಟ್ದೆ. ಇಡೀ ಕೇರಿಗೇ ಗೊತ್ತು. ಇವನೇ ಬಾಗ್ಲಾಗೆ ನಿಂತ್ಕಂಡು ಬೆಲ್ಲ ತಿಂತಿದ್ದ." ಮುದುಕಿ ಮಗನ ಕಡೆ ಕೈ ತೋರಿಸಿದಳು. ಚಿಕ್ಕಹನುಮಯ್ಯನ ಮುಖ ಕಪ್ಪಿಟ್ಟಿತು. ಮುನಿರಾಜು ಎದ್ದು ಹೊರಗೆ ಹೋದ.

ಮ್ಯಾಜಿಸ್ಟ್ರೇಟರು ಕಟಕಟೆಯ ಕಡೆ ತಿರುಗಿದರು. "ಏನಮ್ಮ, ನೀನೇನಾ ನರಸಮ್ಮ?"

ಚನ್ನಕೇಶವ ಕಣ್ಣಲ್ಲೇ ಹೂಂ ಅನ್ನು ಅಂದರು. ಒಂದು ಹೂಂ. ಅಂದರೆ ಸೈಟು ಉಳಿಯುತ್ತದೆ, ಮನೆಗೆ ಹೋಗಬಹುದು, ಮಲಗಬಹುದು.

"ಅಲ್ಲ ಸ್ವಾಮಿ," ಅಂದಳು ಅವಳು.

ಚನ್ನಕೇಶವ ಹಣೆ ಹಿಡಿದುಕೊಂಡರು.

"ನಾನು ಮುನಿತಾಯಮ್ಮ. ನಮ್ಮವ್ವ ಇಕ್ಕಿದ ಎಸ್ರು. ನರಸಮ್ಮ ಅಂದ್ರೆ ಓಡಿ ಬರ್ಬೇಕಾಗಿತ್ತು, ಬತ್ತಿದ್ದೆ. ಇಪ್ಪತ್ತೆರಡು ವರ್ಸ ಆ ಎಸ್ರಲ್ಲಿ ಸಗಣಿ ಬಾಚ್ದೆ, ಒದೆ ತಿಂದೆ, ಗಂಡನ್ನ ಮಣ್ಣು ಮಾಡ್ದೆ. ಆ ಮನೇಲಿ ನಂಗೆ ಬೇರೆ ಎಸ್ರೇ ಇರ್ಲಿಲ್ಲ, ಅದಕ್ಕೇ ಅರ್ಜೀಲೂ ಅದೇ ಬಂತು. ಎಬ್ಬೆಟ್ಟು ಸತ್ತೋಳದಲ್ಲ. ಇದೇ ಬೆಟ್ಟು. ಕದ್ದೆ ಅಂತೀರಲ್ಲ, ನಾನು ಏನೂ ಕದ್ದಿಲ್ಲ. ನನ್ ಎಸ್ರು ಕದ್ದೋರನ್ನ ಇಲ್ಲೀಗಂಟ ಯಾರೂ ಕಟಕಟೆ ಅತ್ತಿಸಿಲ್ಲ. ನೀವು ಏನ್ ಬರ್ಕಂತೀರೋ ಬರ್ಕಳಿ. ನಂಗೆ ನಿಂತು ಸಾಕಾಗೈತೆ."

ಮ್ಯಾಜಿಸ್ಟ್ರೇಟರು ಅವಳ ಎತ್ತಿದ ಹೆಬ್ಬೆರಳನ್ನು ಒಂದು ಗಳಿಗೆ ನೋಡಿ ಬರೆಯಲು ಶುರು ಮಾಡಿದರು. ಎಷ್ಟೋ ಹೊತ್ತು ಬರೆದರು. ಆಮೇಲೆ ಓದಿದ್ದು ಇಂಗ್ಲಿಷಿನಲ್ಲಿ. ಮನೆಯವರು ಇಟ್ಟ ಹೆಸರಿಗೆ ಸ್ವಂತ ಹೆಬ್ಬೆಟ್ಟು ಒತ್ತಿದರೆ ಅದು ಫೋರ್ಜರಿಯೂ ಅಲ್ಲ, ಮೋಸವೂ ಅಲ್ಲ, ಕೇಸು ವಜಾ ಅಂತ ಚನ್ನಕೇಶವ ಬಂದು ಹೇಳಿದರು. "ಕೆಡಿಸಿಬಿಟ್ಟೆ ಅಂದ್ಕೊಂಡೆ ಕಣಮ್ಮ. ನೀನೇ ಗೆಲ್ಲಿಸಿದೆ. ಇನ್ನು ಸೈಟು ಎಲ್ಲೂ ಹೋಗಲ್ಲ." ಅವಳು ಕೈ ಮುಗಿದಳು. ಗೆದ್ದ ಖುಷಿಗೆ ಹುಡುಕಿದರೂ ಮೈಯಲ್ಲಿ ಜಾಗ ಇರಲಿಲ್ಲ.

ಗುಮಾಸ್ತ ಕಾಗದಕ್ಕೆ ಅವಳ ಹೆಬ್ಬೆಟ್ಟು ತೆಗೆದುಕೊಂಡ. "ಬಿಲ್ಲೆ ಈಗ ಕೊಡಕ್ಕಾಗಲ್ಲ. ಬೇಕು ಅಂದ್ರೆ ಅರ್ಜಿ ಹಾಕ್ಬೇಕು."

"ಬ್ಯಾಡ," ಅಂದಳು ಮುನಿತಾಯಮ್ಮ. "ನೀವೇ ಮಡೀಕಳಿ."

ಹೊರಗೆ ಅಕ್ಕಯ್ಯಮ್ಮ ಒಬ್ಬಳೇ ಮೆಟ್ಟಿಲ ಮೇಲೆ ಕೂತಿದ್ದಳು. ಚಿಕ್ಕಹನುಮಯ್ಯ ಅವಳನ್ನು ಅಲ್ಲೇ ಬಿಟ್ಟು ಹೋಗಿದ್ದ. ಸಾಕ್ಷಿ ಕೆಟ್ಟ ಮೇಲೆ ತಾಯಿಯಿಂದ ಅವನಿಗೆ ಏನಾಗಬೇಕು? ಮುದುಕಿಯ ತುಟಿ ಬಿರಿದು ಬೆಳ್ಳಗಾಗಿತ್ತು. ಅವಳಿಗೆ ಒಳಗೆ ಯಾರು ಗೆದ್ದರು, ಯಾರು ಸೋತರು ಅನ್ನುವುದೇ ಗೊತ್ತಿರಲಿಲ್ಲ. ಸೊಸೆಯನ್ನು ನೋಡಿ ಕೈ ಚಾಚಿದಳು.

"ನರಸಮ್ಮಾ, ನೀರು."

ಮುನಿತಾಯಮ್ಮ ಅಂಜನಮ್ಮನಿಂದ ಚೊಂಬು ಇಸಿದುಕೊಂಡಳು. ಮುದುಕಿಯ ಮುಂದೆ ಬಂದು ನಿಂತಳು. ಕೊಡಲಿಲ್ಲ.

"ನನ್ ಎಸ್ರು ಇಡ್ದು ಕರಿ ಅತ್ತೆ. ಕೊಡ್ತೀನಿ."

"ಕರೆದ್ನಲ್ಲೇ?"

"ಅದು ಸತ್ತೋಳ ಎಸ್ರು. ನಂದು ಕರಿ."

ಮುದುಕಿ ಅವಳ ಮುಖವನ್ನೇ ನೋಡಿದಳು. ಹುಬ್ಬು ಗಂಟಿಕ್ಕಿದಳು. ನೆಲ ನೋಡಿದಳು, ಮತ್ತೆ ಮುಖ ನೋಡಿದಳು. ಬಾಯಿ ತೆರೆದು ಮುಚ್ಚಿದಳು. ಹಟಕ್ಕೆ ಅಲ್ಲ. ನಿಜವಾಗಿಯೂ ಹುಡುಕುತ್ತಿದ್ದಳು.

"ಏನೋ ಇತ್ತು ಕಣವ್ವ," ಅಂದಳು ಕೊನೆಗೆ. "ಏನದು ನಿನ್ ಎಸ್ರು?"

ಮುನಿತಾಯಮ್ಮ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತಳು. ಬೆಳಗಿನಿಂದ ಮೊದಲ ಸಲ ಕೂತಳು. ಚೊಂಬನ್ನು ಮಡಿಲಲ್ಲಿ ಹಿಡಿದುಕೊಂಡು, ಒಂದೊಂದೇ ಅಕ್ಷರ ಬಿಡಿಸಿ, ಮಗುವಿಗೆ ಹೇಳಿಕೊಡುವ ಹಾಗೆ ತನ್ನ ಹೆಸರನ್ನು ಹೇಳಿಕೊಟ್ಟಳು. ಮುದುಕಿ ತಪ್ಪಿಲ್ಲದೆ ಹೇಳುವ ತನಕ ಕಾದಳು. ಆಮೇಲೆ ನೀರು ಕೊಟ್ಟಳು.